ಬಾಗಿಲ ಬಳಿಯ ಮನುಷ್ಯ

ನನ್ನ ಗಂಡ ಇಂದುಶೇಖರ ಕೋವಿಡ್‌ನಲ್ಲಿ ತೀರಿಕೊಂಡರು. ಅವರು ಬರೆದ ಕಟ್ಟಡದ ಡ್ರಾಯಿಂಗುಗಳಲ್ಲೆಲ್ಲ, ಎತ್ತರ ತಿಳಿಯಲೆಂದು, ಬಾಗಿಲ ಬಳಿ ಒಬ್ಬ ಮನುಷ್ಯ ನಿಂತಿರುತ್ತಿದ್ದ. ಅವರು ಕೆಲಸ ಮಾಡುತ್ತಿದ್ದ ಸ್ಯಾನ್ ಡಿಯೇಗೋದ ಆಫೀಸಿನಲ್ಲೇ, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ತೆರೆಯದೆಯೇ ಕಾಣುವ ಹಳೆಯ ಪ್ರಿವ್ಯೂ ಚಿತ್ರಗಳನ್ನು ಅಳಿಸಿ, ಮೂಲ ಡ್ರಾಯಿಂಗಿನಿಂದ ಹೊಸದು ಮಾಡಿಸುವುದು ನನ್ನ ಕೆಲಸ.

ಅಂದು ಮಧ್ಯಾಹ್ನ ಅವರ ಕೊನೆಯ ಡ್ರಾಯಿಂಗಿನ ಹೊಸ ಪ್ರಿವ್ಯೂನಲ್ಲಿ ಆ ಮನುಷ್ಯ ಬೆನ್ನು ತಿರುಗಿಸಿ ನಿಂತಿದ್ದ. ಅಳಿಸಿ ಮತ್ತೆ ಮಾಡಿಸಿದೆ. ಬಾಗಿಲು ತೆರೆದಿತ್ತು, ಅವನಿರಲಿಲ್ಲ. ಬಿಸಿಲು ಬಿದ್ದಿದ್ದ ನನ್ನ ಮೇಜು ತಣ್ಣಗೆ ಕೊರೆಯುತ್ತಿತ್ತು. ಈ ಚಿತ್ರದಿಂದಲೂ ನನ್ನನ್ನು ಬಿಟ್ಟು ಹೋದರಲ್ಲ ಎಂದುಕೊಂಡೆ.

ಸಹೋದ್ಯೋಗಿ ಗಿರೀಶನಿಗೆ ಫೋನ್ ಮಾಡಿ, ಮೂಲ ಡ್ರಾಯಿಂಗ್ ತೆರೆದು ನೋಡಲು ಹೇಳಿದೆ.

"ಆ ಮನುಷ್ಯ ಇದಾನಾ ಗಿರೀಶ?"

"ಇದಾನಲ್ಲ ಮೈಥಿಲಿ, ಬಾಗಿಲ ಹತ್ರಾನೇ. ಪಕ್ಕದಲ್ಲಿರೋ ಹೆಂಗಸನ್ನ ನೀವು ಸೇರಿಸಿದ್ರಾ?"

ಅವರು ಹೋದಾಗಿನಿಂದ ಆ ಡ್ರಾಯಿಂಗ್ ಲಾಕ್ ಆಗಿದೆ. ಅದಕ್ಕೆ ಯಾರೂ ಒಂದು ಗೆರೆಯನ್ನೂ ಸೇರಿಸಲಾಗದು.