ಪೆಂಕೊನಿಗಾಗಿ ಹುಚ್ಚುಬೇರು

ಹಿಮ ಬೀಳುವುದರೊಳಗೆ ಹುಚ್ಚುಬೇರು ಅಗೆದು ತರಬೇಕಿತ್ತು. ಅದಕ್ಕೇ ಡೋನಾ, ಅವಳ ಮೈದುನ ಕೋಲ್ಯು, ಮೂಲಿಕೆ ಹುಡುಕುವ ಮುದುಕ ಮಿಂಚೋ ಬಾಲ್ಕನ್ ಬೆಟ್ಟ ಹತ್ತಿದರು.

ಮಹಾಯುದ್ಧ ಮುಗಿದ ಮೇಲೆ ಬಂದ ನಿದ್ದೆಜ್ವರದಲ್ಲಿ ಡೋನಾಳ ಗಂಡ ಪೆಂಕೊ ಬದುಕಿ ಉಳಿದಿದ್ದ. ಆದರೆ ಬರಬರುತ್ತಾ ಮೈ ಕೊರಡಾಯಿತು. ಎಲ್ಲ ತಿಳಿಯುತ್ತಿತ್ತು, ಮಾತು ಹೊರಡುತ್ತಿರಲಿಲ್ಲ; ಬಾಯಿಂದ ಜೊಲ್ಲು ಮಾತ್ರ ಸುರಿಯುತ್ತಿತ್ತು.

"ಆ ಬೇರಲ್ಲಿ ಅಟ್ರೋಪಿನ್ ಅನ್ನೋ ವಿಷ ಇದೆಯಮ್ಮ. ಬಿಗಿದ ಮೈ ಸಡಿಲಿಸುತ್ತೆ, ಜೊಲ್ಲು ಒಣಗಿಸುತ್ತೆ. ತುಸು ಹೆಚ್ಚಾದ್ರೆ ಹುಚ್ಚು ಹಿಡಿಸಿ ಕೊಲ್ಲುತ್ತೆ. ನನ್ನ ಹತ್ರ ಬೇರೇನೂ ಇಲ್ಲ," ಎಂದು ಪೇಟೆಯ ಡಾಕ್ಟರು ಕೈಚೆಲ್ಲಿದ್ದರು.

ಬೀಚ್ ಮರಗಳ ಕಾಡು ಬೋಳಾಗಿತ್ತು. ತಾಮ್ರದ ಬಣ್ಣದ ತರಗೆಲೆ ಮೊಣಕಾಲವರೆಗೆ ಬರುತ್ತಿತ್ತು. ಅದನ್ನು ಸರಿಸಿದಲ್ಲೆಲ್ಲ ಬಾಡಿದ ಗಿಡ, ಒಂದೊಂದರಲ್ಲಿ ಮಿರಿಮಿರಿ ಕಪ್ಪು ಹಣ್ಣು.

"ಕೋಲ್ಯು, ಆ ಕೈ ಬಾಯಿಗೆ ಹಾಕ್ಬೇಡ್ವೋ! ಮೊದಲೇ ಅರೆಹುಚ್ಚ ನೀನು," ಎಂದ ಮಿಂಚೋ.

ಚೀಲ ತುಂಬಿತು. ಆಮೇಲೆ ಸಿಕ್ಕ ನಾಲ್ಕಾರು ಬೇರುಗಳನ್ನು ಡೋನಾ ಉಡಿಯಲ್ಲಿ ಕಟ್ಟಿಕೊಂಡಳು.

ಇಳಿಯುವಾಗ ಹಿಮ ಸುರಿಯತೊಡಗಿತು. ಕಮರಿಯ ಅಂಚಿನ ಕಾಲುದಾರಿ ಮುಚ್ಚಿಹೋಯಿತು.

ಮಿಂಚೋ ಜಾರಿದ.

ಡೋನಾ ಬೋರಲು ಬಿದ್ದು ಅವನ ಮಣಿಕಟ್ಟು ಹಿಡಿದಳು. ಕೋಲ್ಯು ಅವಳ ಸೊಂಟ ತಬ್ಬಿದ. ಮುದುಕನ ಬೆನ್ನಿನ ಚೀಲ ಮೂವರನ್ನೂ ಕೆಳಕ್ಕೆಳೆಯುತ್ತಿತ್ತು.

"ಚೀಲ ಬಿಡು ಕಾಕಾ!"

"ಬಿಡಲ್ಲ ಕಣೇ! ನಿನ್ನ ಗಂಡನ ಜೀವ ಇದು!"

"ಅತ್ತಿಗೇ, ನನ್ನ ಕಾಲು ಜಾರ್ತಿದೆ!" ಕೋಲ್ಯು ಕಿರುಚಿದ.

ಡೋನಾ ಇನ್ನೊಂದು ಕೈಯಿಂದ ಸೊಂಟದ ಚಾಕು ಕಿತ್ತು ಅವನ ಹೆಗಲ ಮೇಲಿನ ಚೀಲದ ಪಟ್ಟಿ ಕೊಯ್ದಳು. ಚೀಲ ಬಿದ್ದ ಸದ್ದೂ ಕೇಳಲಿಲ್ಲ. ಮುದುಕನನ್ನು ಮೇಲೆಳೆದರು. ಮತ್ತೆ ಹತ್ತುವ ಮಾತೇ ಇರಲಿಲ್ಲ, ಬೆಟ್ಟ ಬೆಳ್ಳಗಾಗಿತ್ತು. ಡೋನಾಳ ಉಡಿಯಲ್ಲಿದ್ದ ಬೇರುಗಳಷ್ಟರಿಂದಲೇ ಊರು ಮುಟ್ಟಿದರು.

ಉಡಿಯ ಬೇರುಗಳನ್ನು ಮಿಂಚೋ ಬಿಳಿ ದ್ರಾಕ್ಷಾರಸದಲ್ಲಿ ಕುದಿಸಿದ. ಮೊದಲು ಕೆಲವು ಹನಿ, ದಿನದಿನಕ್ಕೆ ತುಸು ಹೆಚ್ಚು. ಪ್ರತಿ ಸಲವೂ ಡೋನಾ ವಿಷ ಹೆಚ್ಚಾಗಿ ಗಂಡನ ಕಣ್ಣಿನ ಪಾಪೆ ವಿಪರೀತ ಅರಳಿತೇ ಎಂದು ನೋಡುತ್ತಾ ಕೂರುತ್ತಿದ್ದಳು. ಜೊಲ್ಲು ನಿಂತಿತು. ಬೇರೇನೂ ಆಗಲಿಲ್ಲ.

ಒಂದು ಬೆಳಗ್ಗೆ ಒಲೆ ಹಚ್ಚುವಾಗ ಹಿಂದಿನಿಂದ ಒಡಕು ದನಿ ಕೇಳಿತು.

"ಡೋನಾ... ನೀರು. ಬಾಯಿ ಒಣಗ್ತಿದೆ."

ಲೋಟವನ್ನು ಅವನೇ ಹಿಡಿದ. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

"ಬೇರು ಇನ್ನೆಷ್ಟಿದೆ?" ಎಂದು ಕೇಳಿದ.

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಕ್ರಿಸ್‌ಮಸ್‌ವರೆಗೆ ಬರಬಹುದು. ಬೆಟ್ಟ ತೆರೆಯೋದು ಹಿಮ ಕರಗಿದ ಮೇಲೆ."

ಪೆಂಕೊ ಕಿಟಕಿಯತ್ತ ನೋಡಿದ. ಆಮೇಲೆ ಮಂಚದ ಅಂಚನ್ನು ನಿಧಾನವಾಗಿ ತಟ್ಟಿದ.

"ಹಾಗಾದ್ರೆ ಒಲೆ ಆಮೇಲೆ ಹಚ್ಚು. ಕೂತ್ಕೋ, ಅಷ್ಟರೊಳಗೆ ಹೇಳೋದು ತುಂಬ ಇದೆ."