ಬೆಚ್ಚಗಿನ ಬೂದಿ

ನಂಬುವವರು ನಂಬಲಿ, ಇದು ನನ್ನ ಕೈಗೇ ತಗುಲಿದ ಸಂಗತಿ. ದಕ್ಷಿಣ ಸುಡಾನ್ ಸ್ವತಂತ್ರವಾದ ದಿನ ನಮ್ಮ ನೆರೆಯ ನುಯೆರ್ ಬುಡಕಟ್ಟಿನ ಹುಡುಗ ಗಾಟ್ಬೆಲ್ ತನ್ನ ಬಿಳಿ ಎತ್ತಿನ ಮೈಗೆ ಸಗಣಿಬೂದಿ ಬಳಿದು, ಹಾಡುತ್ತ ಅದರ ಮುಂದೆ ನಡೆದಿದ್ದ. ಡಿಂಕಾ ಜನರಾದ ನಾವೂ ಹಿಂದೆ ಕುಣಿದಿದ್ದೆವು. ಎರಡು ವರ್ಷ ಕಳೆಯಿತೋ ಇಲ್ಲವೋ, ಅವನ ಜನ, ನಮ್ಮ ಜನ ಒಬ್ಬರನ್ನೊಬ್ಬರು ಕೊಲ್ಲತೊಡಗಿದರು. ಎತ್ತನ್ನು ನನಗೊಪ್ಪಿಸಿ ಓಡಿದ ಗಾಟ್ಬೆಲ್‌ನನ್ನು ನಮ್ಮವರೇ ನದಿಯ ದಡದಲ್ಲಿ ಕೊಂದರು. ಮಣ್ಣು ಮಾಡಿದವಳು ನಾನು.

ಆಮೇಲೆ ದನಗಳೊಂದಿಗೆ ಜೌಗಿನಲ್ಲಿ ಅಡಗಿದೆವು. ಹೊಗೆ ಕಂಡರೆ ಗುಂಡು ಬೀಳುತ್ತದೆಂದು ಬೆಂಕಿಯನ್ನೇ ಹೊತ್ತಿಸಲಿಲ್ಲ. ಆದರೂ ಬೆಳಗಾದರೆ ಆ ಎತ್ತಿನ ಮೈಮೇಲೆ ಹೊಸ ಬೂದಿ. ಯಾರೋ ಮುಂದೆ ಹಾಡುತ್ತಿರುವಂತೆ ಕತ್ತು ಚಾಚಿ ಹೆಜ್ಜೆ ಹಾಕುತ್ತಿತ್ತು.

"ವೈರಿ ಎತ್ತು ಕಣೇ ಇದು. ಅವನ ಹಿಂದೇನೇ ಹೋಗ್ಲಿ!" ಸೋದರಮಾವ ಅಗುಯೆರ್ ಈಟಿ ಎತ್ತಿದ.

"ಮೊದ್ಲು ಮುಟ್ಟಿ ನೋಡು ಮಾವ, ಆಮೇಲೆ ತಿವಿ."

ಮುಟ್ಟಿದ. ಒಲೆಯಿಂದ ಆಗಷ್ಟೇ ತೆಗೆದಂತೆ ಬೂದಿ ಬೆಚ್ಚಗಿತ್ತು. ಈಟಿ ಕೆಳಗಿಟ್ಟು, ಅದೇ ಬೂದಿಯನ್ನು ಹಣೆಗೆ ಬಳಿದುಕೊಂಡ.

ಮರುದಿನ ಬೆಳಿಗ್ಗೆ ನಮ್ಮ ಎಲ್ಲ ದನಗಳ ಮೈಮೇಲೂ ಬೂದಿಯಿತ್ತು, ಬೆಚ್ಚಗೆ. ನಾವಿನ್ನೂ ಬೆಂಕಿ ಹೊತ್ತಿಸಿರಲಿಲ್ಲ.