ಭಾವ ಕೂತಿದ್ದ ಹಲಗೆ

ಫೋರ್ಕ್‌ಲಿಫ್ಟ್‌ನ ಎರಡು ಕಬ್ಬಿಣದ ಕೋಡುಗಳು ನನ್ನ ಹೊಟ್ಟೆಗೆ ಗೇಣು ದೂರದಲ್ಲಿ ನಿಂತವು.

"ಹೊರಗೆ ನಡೀರಿ ಸಾರ್. ಯಾರನ್ನೂ ಒಳಗೆ ಬಿಡಬೇಡ ಅಂದಿದಾರೆ ಯಜಮಾನ್ರು."

"ನಿಮ್ಮ ಯಜಮಾನ್ರು ನಮ್ಮ ಭಾವ ಕಣಯ್ಯ. ಚುಚ್ಚು. ಆಮೇಲೆ ನಮ್ಮ ಅಕ್ಕನಿಗೆ ನೀನೇ ಹೇಳು."

ಡ್ರೈವರ್ ಯೋಚಿಸಿದ. ಗಾಡಿ ಹಿಂದಕ್ಕೆ ಹೋಯಿತು.

ಅಕ್ಕನನ್ನು ಒಮ್ಮೆ ನೋಡಿದವರು ಯಾರಾದರೂ ಅದನ್ನೇ ಮಾಡುತ್ತಾರೆ.

ನನ್ನ ಕಸುಬು ಹೇಳಿಬಿಡುತ್ತೇನೆ... ಬಂದರಿಗೆ ಬಂದ ಸರಕನ್ನು ಕಾಗದಪತ್ರ ಮಾಡಿಸಿ ಬಿಡಿಸಿಕೊಡುವ ಏಜೆಂಟ್. ಭಾವ ಹೊರದೇಶದಿಂದ ಇಪ್ಪತ್ತು ಅಮೃತಶಿಲೆಯ ಬಾತ್‌ಟಬ್ ತರಿಸಿದ್ದರು. ಒಂದೊಂದೂ ಮರದ ಪೆಟ್ಟಿಗೆಯಲ್ಲಿ. ಆ ಮರವನ್ನು ಕಾಯಿಸಿ ಹುಳ ಸಾಯಿಸಿರಬೇಕು, ಹಾಗೆಂದು ಮುದ್ರೆ ಇರಬೇಕು, ತಪಾಸಣೆ ಮುಗಿಯುವವರೆಗೆ ಯಾರೂ ಮುಟ್ಟಬಾರದು. ಒಪ್ಪಿ ಭಾವ ಸಹಿ ಹಾಕಿದ್ದರು. ಕೆಳಗೆ ನಾನು.

ಇವತ್ತು ಬೆಳಿಗ್ಗೆ ಕ್ವಾರಂಟೈನ್ ಆಫೀಸರ್ ಮೇಡಂ ಸ್ಕ್ರೂಡ್ರೈವರ್‌ನಿಂದ ಒಂದು ಪೆಟ್ಟಿಗೆ ಕೆದಕಿದರು. ಮರದ ಪುಡಿ ಉದುರಿತು. ಹಿಂದೆಯೇ ಒಂದು ಬಿಳಿ ಹುಳ.

ಜೀವಂತ.

"ಮುದ್ರೆ ಇದೆಯಲ್ಲ ಮೇಡಂ..."

"ಹುಳಕ್ಕೆ ಓದಕ್ಕೆ ಬರಲ್ಲ."

ಆಮೇಲೆ ಎಣಿಸಿದರು. ಹತ್ತೊಂಬತ್ತು. ಹಿಂದಿನ ದಿನ ಭಾವ ಬಂದರಿನ ಯಾರ್ಡಿನ ಮೇಲ್ವಿಚಾರಕನನ್ನು ಪುಸಲಾಯಿಸಿ, ಗಿರಾಕಿಗೆ ತೋರಿಸಲೆಂದು ಒಂದನ್ನು ಸಾಗಿಸಿದ್ದರು.

"ಒಂದು ಹುಳ ತಪ್ಪಿಸಿಕೊಂಡ್ರೂ ಊರಿನ ಮರಗಳಿಗೆ ಗತಿಯಿಲ್ಲ" ಎಂದರು ಮೇಡಂ. "ಐದು ಗಂಟೆಯೊಳಗೆ ಆ ಪೆಟ್ಟಿಗೆ ನನಗೆ ಸಿಗ್ಬೇಕು. ಪೂರ್ತಿ. ಇಲ್ಲಾಂದ್ರೆ ನಿಮ್ಮ ಲೈಸೆನ್ಸ್ ಮರೆತುಬಿಡಿ." ನನ್ನ ಲೈಸೆನ್ಸ್ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು.

ಅದಕ್ಕೇ ಭಾವನ ಗೋದಾಮಿಗೆ ನುಗ್ಗಿದ್ದು.

ಬಾತ್‌ಟಬ್ ಬಾಗಿಲಲ್ಲೇ ಇತ್ತು. ಬಿಚ್ಚಿದ ಹಲಗೆಗಳು ಶಟರ್ ಹಿಂದೆ. ಪೆಟ್ಟಿಗೆಗೆ ಹನ್ನೆರಡು ಹಲಗೆ. ಇಲ್ಲಿದ್ದವು ಹನ್ನೊಂದು.

ಭಾವ ತಮ್ಮ ಅಜ್ಜನ ಕಾಲದ ಕೆತ್ತನೆಯ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು.

"ಭಾವ, ಇನ್ನೊಂದು ಹಲಗೆ ಎಲ್ಲಿ?"

"ಯಾವ ಹಲಗೆ? ಹೋಗಯ್ಯ. ಒಂದು ಹುಳಕ್ಕೆ ಹೆದರ್ತಾನಂತೆ, ಗಂಡಸು."

ನಾಲ್ಕೂಕಾಲು. ಗೋದಾಮೆಲ್ಲ ಜಾಲಾಡಿದೆ. ಡ್ರೈವರ್ ಹತ್ತಿರ ಬಂದು ಪಿಸುಗುಟ್ಟಿದ: "ಯಜಮಾನ್ರು ಏನನ್ನೂ ಬಿಸಾಕಲ್ಲ ಸಾರ್. ಹಳೇ ಮೊಳೆಯನ್ನೂ ನೆಟ್ಟಗೆ ಮಾಡಿಸ್ತಾರೆ."

ಭಾವನ ಕುರ್ಚಿಯ ಕೆಳಗೆ ನೋಡಿದೆ. ನೆಲದ ಮೇಲೆ ಒಂದು ಚಿಟಿಕೆ ಮರದ ಪುಡಿ.

"ಏಳಿ ಭಾವ."

"ಯಾಕೆ?"

"ಸಾಕ್ಷಿಯ ಮೇಲೆ ಕೂತಿದ್ದೀರಿ."

ಭಾವನ ಮುಖ ಬಿಳಿಚಿಕೊಂಡಿತು. ಎರಡೂ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದವು. "ಸೀಟು ಮುರಿದಿತ್ತು ಕಣೋ... ನಿನ್ನೆ ತಾನೇ ಆ ಹಲಗೆ ಹಾಕಿಸಿದೆ. ಅಜ್ಜನ ಕುರ್ಚಿ. ಏಳಲ್ಲ. ಏನ್ ಮಾಡ್ತೀಯೋ ಮಾಡು."

ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಎರಡೇ ವಾಕ್ಯದಲ್ಲಿ ವಿಷಯ ಹೇಳಿದೆ.

"ಡ್ರೈವರ್ ಇದಾನಾ ಅಲ್ಲಿ?" ಎಂದಳು ಅಕ್ಕ.

"ಇದೀನಿ ಅಮ್ಮಾ."

"ಎತ್ತು."

"ಯಜಮಾನ್ರು ಕೂತಿದಾರೆ ಅಮ್ಮಾ..."

"ಬೇಕಾದ್ರೆ ಇಳೀತಾರೆ."

ಇಳಿಯಲಿಲ್ಲ. ಫೋರ್ಕ್‌ಲಿಫ್ಟ್‌ನ ಕೋಡುಗಳ ಮೇಲೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಕುರ್ಚಿ ಸಮೇತ ಭಾವ ಕಣ್ಣು ಮುಚ್ಚಿಕೊಂಡು ಬಾಗಿಲವರೆಗೆ ಸವಾರಿ ಮಾಡಿದರು.

ಐದಕ್ಕೆ ಹತ್ತು ನಿಮಿಷವಿತ್ತು. ನಾನು ಫೋನ್ ಮಾಡಿ ಕರೆಸಿದ್ದ ಮೇಡಂ ಬಾಗಿಲಲ್ಲೇ ನಿಂತಿದ್ದರು. ಕುರ್ಚಿಯನ್ನೂ ಹಲಗೆಗಳನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿದರು. ಎಣಿಸಿದರು. ಹನ್ನೆರಡು. ನನ್ನ ಲೈಸೆನ್ಸ್ ಮರಳಿಸಿದರು.

"ಇನ್ನು ಮೇಲೆ ಎಣಿಸಿ ಸಹಿ ಹಾಕಿ."

ಹಲಗೆಗಳ ಜೊತೆ ಕುರ್ಚಿಯೂ ಸುಡಲು ಒಲೆಗೆ. ಗೋದಾಮಿಗೆ ಬೀಗ, ಮೂರು ದಿನ ವಿಷದ ಹೊಗೆ. ಖರ್ಚೆಲ್ಲ ಆಮದು ಮಾಡಿದವರ ಹೊಣೆ. ಫಾರಂ ಭಾವನ ಮುಂದೆ ಬಂತು.

"ನಾನೀಗ ಎಲ್ಲಿ ಕೂತ್ಕೊಳ್ಳಲಿ?" ಎಂದರು ಭಾವ, ನನ್ನನ್ನೇ ನೋಡುತ್ತ.

ಪೆನ್ನು ತೆಗೆದುಕೊಟ್ಟೆ.

"ಸಹಿ ನಿಂತ್ಕೊಂಡೂ ಹಾಕಬಹುದು ಭಾವ."